ಮಗನನ್ನು ಹಾಸ್ಟೆಲ್‌ಗೆ ಕಳಿಸುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ನೀನು ಫೋನಿನಲ್ಲಿ ಹೇಳಿದ್ದೆಲ್ಲ ತಲೆಯಲ್ಲೇ ಕುಳಿತಿದೆ. ಮಗ ಕಾಲೇಜಿಗೆ ಚಕ್ಕರ್ ಹೊಡೆಯುತ್ತಾನೆ, ಜೇಬಿನಲ್ಲಿ ಗುಟ್ಕಾ ಪ್ಯಾಕೆಟ್ ಸಿಕ್ಕಿದೆ, ಬಸ್ ಸ್ಟ್ಯಾಂಡ್ ಹತ್ತಿರ ಹೊಡೆದಾಡಿಕೊಂಡು ಬಂದಿದ್ದಾನೆ. "ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ, ಇವನ್ನ ಮಂಗಳೂರು ಕಡೆ ಹಾಸ್ಟೆಲ್‌ಗೆ ಒಗೆದು ಬರ್ತೀನಿ" ಅಂದೆ. ಅದರ ಹಿಂದೆಯೇ ಕಾಕಾ, ಅಂದರೆ ನಿಮ್ಮಪ್ಪನ ಮೇಲೂ ಸಿಟ್ಟು ಮಾಡಿಕೊಂಡೆ. ಮದುವೆ ಮುಂಜಿಗೆ ಬರುವುದು ಬಿಟ್ಟು ಹಳ್ಳಿಯಲ್ಲೇ ಕೂತಿದ್ದಾರೆ ಅಂತ. ಹೆಸರು ಬಿಟ್ಟು ಎಲ್ಲರೂ ಓದುವ ಹಾಗೆ ಬರಿ, ನಮ್ಮಂಥ ಅಪ್ಪಂದಿರು ಬಹಳ ಮಂದಿ ಇದ್ದಾರೆ ಎಂದವನೂ ನೀನೇ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಗನ ವಿಷಯ. ನ್ಯೂಜಿಲೆಂಡ್‌ನಲ್ಲಿ ಡುನೆಡಿನ್ ಎಂಬ ಊರಿದೆ. 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಅಲ್ಲಿನ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಲ್ಲಿ 1037 ಮಂದಿಯನ್ನು ಮೂರನೇ ವಯಸ್ಸಿನಿಂದ ಆಗಾಗ ಕರೆಸಿ ಪರೀಕ್ಷಿಸುತ್ತಾ ಬಂದಿದ್ದಾರೆ. ಅವರೀಗ ಐವತ್ತು ದಾಟಿದವರು. ಹಲ್ಲು, ರಕ್ತ, ಸಾಲ, ಪೊಲೀಸ್ ಕೇಸು, ಮದುವೆ, ಮನಸ್ಸು, ಯಾವುದನ್ನೂ ಬಿಟ್ಟಿಲ್ಲ. ಪರದೇಶಕ್ಕೆ ಹೋದವರನ್ನು ವಿಮಾನದ ಟಿಕೆಟ್ ಕೊಟ್ಟು ಕರೆಸಿಕೊಳ್ಳುತ್ತಾರೆ. ಒಬ್ಬ ಮನುಷ್ಯನನ್ನು ಇಷ್ಟು ವರ್ಷ ತಾಳ್ಮೆಯಿಂದ ನೋಡಿದವರ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಈ ಮಕ್ಕಳನ್ನು ನೋಡುತ್ತಲೇ ಟೆರಿ ಮಾಫಿಟ್ ಎಂಬ ಮನಶ್ಶಾಸ್ತ್ರಜ್ಞೆ 1993ರಲ್ಲಿ ಒಂದು ವಿಷಯ ಬರೆದರು. ಹರೆಯದಲ್ಲಿ ದಾರಿ ತಪ್ಪುವ ಹುಡುಗರೆಲ್ಲ ಒಂದೇ ಥರದವರಲ್ಲ. ಒಂದು ಸಣ್ಣ ಗುಂಪಿದೆ, ಗಂಡುಮಕ್ಕಳಲ್ಲಿ ಸುಮಾರು ನೂರಕ್ಕೆ ಐದು. ಇವರ ಹೊಡೆದಾಟ, ಹಠ ತೀರಾ ಚಿಕ್ಕಂದಿನಲ್ಲೇ ಶುರುವಾಗಿರುತ್ತದೆ, ದೊಡ್ಡವರಾದ ಮೇಲೂ ಬಿಡುವುದಿಲ್ಲ. ಇನ್ನೊಂದು ಬಹಳ ದೊಡ್ಡ ಗುಂಪು. ಹದಿಮೂರು ಹದಿನಾಲ್ಕರ ತನಕ ಸರಿಯಾಗೇ ಇದ್ದು, ಆಮೇಲೆ ಕೆಲವು ವರ್ಷ ಕೆಟ್ಟು, ಇಪ್ಪತ್ತು ದಾಟಿ ಕೆಲಸ, ಸಂಸಾರ ಅಂತಾದ ಮೇಲೆ ತಾವಾಗಿಯೇ ಹೊರಬರುವವರು. ಅದಕ್ಕೆ ಅವರು ಕೊಟ್ಟ ಕಾರಣ ನನಗೆ ನಿಜ ಅನ್ನಿಸುತ್ತದೆ. ಮೈ ಬೆಳೆದು ಗಂಡಸಾಗಿದೆ, ಮೀಸೆ ಬಂದಿದೆ. ಆದರೆ ಕೈಯಲ್ಲಿ ಸ್ವಂತ ದುಡ್ಡಿಲ್ಲ, ಮನೆಯಲ್ಲಿ ಅವನ ಮಾತಿಗೆ ಬೆಲೆಯಿಲ್ಲ. ಆಗ ದೊಡ್ಡವನಂತೆ ಕಾಣುವುದಕ್ಕೆ ಸಿಗುವ ಸುಲಭ ದಾರಿ ಗುಟ್ಕಾ, ಬೈಕು, ಹೊಡೆದಾಟ.

ನಿನ್ನ ಮಗನನ್ನು ನಾನು ಅಂಗನವಾಡಿಯಿಂದ ಬಲ್ಲೆ. ಬೇರೆ ಮಕ್ಕಳು ಅತ್ತರೆ ತಾನೂ ಅಳುತ್ತಿದ್ದ ಹುಡುಗ. ಏಳನೇ ಕ್ಲಾಸಿನ ತನಕ ಒಂದು ದೂರು ಬಂದಿರಲಿಲ್ಲ, ಅಲ್ವಾ? ಅದನ್ನು ನೀನು ಮರೆತೇ ಬಿಟ್ಟಿದ್ದೀ. ಎರಡು ವರ್ಷದ ಕಾಟ ನೋಡಿ ಹದಿನೇಳು ವರ್ಷಕ್ಕೆ ತೀರ್ಪು ಬರೆಯುತ್ತಿದ್ದೀ.

ಹಾಗಂತ ಸುಮ್ನೆ ಕೂತರೂ ಆಗುವುದಿಲ್ಲ. ಆ ಹರೆಯದಲ್ಲೇ ಕೆಲವರು ಬಲೆಗೆ ಸಿಕ್ಕಿಬೀಳುತ್ತಾರೆ ಎಂದು ಡುನೆಡಿನ್‌ನವರೇ ಹೇಳಿದ್ದಾರೆ. ಚಟ ಅಂಟುವುದು, ಓದು ಅರ್ಧಕ್ಕೆ ಬಿಡುವುದು, ಪೊಲೀಸ್ ದಾಖಲೆಯಲ್ಲಿ ಹೆಸರು ಸೇರುವುದು. ಸಿಟ್ಟು ಇಳಿದು ಬುದ್ಧಿ ಬಂದ ಮೇಲೂ ಈ ಬಲೆ ಬಿಡುವುದಿಲ್ಲ. ಅದಕ್ಕೇ ನನ್ನ ಮಾತು ಇಷ್ಟು: ಅವನ ತಲೆಗೂದಲು, ಮೊಬೈಲು, ತಿರುಗಿ ಮಾತಾಡುವುದು, ಇವನ್ನೆಲ್ಲ ಸದ್ಯಕ್ಕೆ ಬಿಡು. ಗುಟ್ಕಾ ಬಿಡಿಸು, ಹಾಜರಾತಿ ಉಳಿಸು, ಕೇಸು ಆಗದಂತೆ ನೋಡಿಕೋ. ಈ ಮೂರಕ್ಕೇ ನಿನ್ನ ಶಕ್ತಿ ಹಾಕು.

ಇನ್ನೊಂದು ವಿಷಯ ಹೇಳಲೇಬೇಕು, ಬೇಜಾರಾಗಬೇಡ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಮಾಡಿದ ಮಿಠಾಯಿ ಪರೀಕ್ಷೆ ನೀನೂ ಕೇಳಿರುತ್ತೀ. ಒಂದು ಮಿಠಾಯಿ ಮುಂದಿಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇವೆ ಎಂದು ಮಕ್ಕಳಿಗೆ ಹೇಳುವುದು. ಕಾದ ಮಕ್ಕಳು ಮುಂದೆ ಚೆನ್ನಾಗಿ ಓದಿದರು ಎಂದು ಎಲ್ಲ ಕಡೆ ಭಾಷಣ ಮಾಡುತ್ತಾರೆ. ಆದರೆ ಆ ಮಕ್ಕಳಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ಸುತ್ತಮುತ್ತ ಇದ್ದ ಓದಿದವರ ಮಕ್ಕಳು. 2018ರಲ್ಲಿ ಬೇರೆ ಸಂಶೋಧಕರು, ಎಲ್ಲ ಬಗೆಯ ಮನೆಗಳಿಂದ ಬಂದ 900ಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದು ನೋಡಿದಾಗ ಆ ಸಂಬಂಧ ಅರ್ಧಕ್ಕೆ ಇಳಿದಿತ್ತು. ಮನೆಯ ಸ್ಥಿತಿಗತಿ, ತಾಯಿಯ ಓದು ಇಂಥದ್ದನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೂ ಕಡಿಮೆಯಾಯಿತು. ನಾವು ಮಗುವಿನ ಗುಣ ಅಂದುಕೊಂಡಿದ್ದರಲ್ಲಿ ಬಹಳಷ್ಟು ಮನೆಯ ಸ್ಥಿತಿಯೇ ಆಗಿತ್ತು.

ಇದನ್ನು ಓದುವಾಗ ನನಗೆ ನಮ್ಮ ಕಡೆಯ ಹುಡುಗರೇ ನೆನಪಾದರು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ನಿಮ್ಮ ಯಾದಗಿರಿ, 2025ರಲ್ಲಿ ನಮ್ಮ ಕಲಬುರಗಿ ಕೊನೆಯ ಜಿಲ್ಲೆ. "ಈ ಕಡೆ ಮಕ್ಕಳೇ ಹಂಗ" ಎಂದು ನಮ್ಮವರೇ ಹೇಳುತ್ತಾರೆ. ಮೇಷ್ಟ್ರಾಗಿ ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಪ್ಪ ಅವ್ವ ಪುಣೆ, ಮುಂಬೈಗೆ ದುಡಿಯಲು ಹೋದರೆ ಮಗುವೂ ಹಿಂದೆಯೇ ಹೋಗುತ್ತದೆ, ವರ್ಷದ ಅರ್ಧ ಪಾಠ ತಪ್ಪುತ್ತದೆ. ಆ ಮಗುವಿನ ಅಂಕ ಕಡಿಮೆ ಬಂದರೆ ಅದು ಹುಟ್ಟುಗುಣ ಹೇಗಾಗುತ್ತದೆ? ನಿಮ್ಮ ಜಿಲ್ಲೆಯ ಗಡಿಗೇ ಹೊಂದಿದ್ದ ಹಳೆಯ ಮಹಬೂಬನಗರ ಜಿಲ್ಲೆಯೂ ಸೇರಿದಂತೆ ಅವಿಭಜಿತ ಆಂಧ್ರದಲ್ಲಿ 2002ರಿಂದ ಸುಮಾರು 3000 ಮಕ್ಕಳ ಬದುಕನ್ನು 'ಯಂಗ್ ಲೈವ್ಸ್' ಎಂಬ ಅಧ್ಯಯನ ನೋಡುತ್ತಾ ಬಂದಿದೆ. ಇಥಿಯೋಪಿಯಾ, ಪೆರು, ವಿಯೆಟ್ನಾಂನಲ್ಲೂ ಅದು ನಡೆದಿದೆ. ಚಿಕ್ಕಂದಿನಲ್ಲಿ ಬೆಳವಣಿಗೆ ಕುಂಠಿತವಾಗಿದ್ದ ಮಕ್ಕಳಲ್ಲಿ ಕೆಲವರು ಆಮೇಲೆ ಎತ್ತರದಲ್ಲಿ ಚೇತರಿಸಿಕೊಂಡರು. ಹಾಗೆ ಚೇತರಿಸಿಕೊಂಡವರು ಕಲಿಕೆಯಲ್ಲೂ ಕುಂಠಿತರಾಗಿಯೇ ಉಳಿದವರಿಗಿಂತ ಮುಂದಿದ್ದರು.

ಮಿಠಾಯಿ ಪರೀಕ್ಷೆಯನ್ನೇ 2013ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದವರು ಬೇರೆ ರೀತಿ ಮಾಡಿದರು. ಮೊದಲು ಮಕ್ಕಳಿಗೆ ಒಳ್ಳೆಯ ಬಣ್ಣದ ಪೆನ್ಸಿಲು ತರುತ್ತೇವೆ ಎಂದರು. ಅರ್ಧ ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು, ಇನ್ನರ್ಧ ಮಕ್ಕಳಿಗೆ ಬರಿಗೈಯಲ್ಲಿ ಬಂದು "ಇಲ್ಲ" ಎಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದವು. ಮಾತು ತಪ್ಪಿದವರ ಮುಂದೆ ಮೂರೇ ನಿಮಿಷ! ಕೇವಲ 28 ಮಕ್ಕಳ ಸಣ್ಣ ಪ್ರಯೋಗ, ನಿಜ. ಆದರೂ ನನಗೆ ನಿನ್ನ ಮನೆ ಕಣ್ಣ ಮುಂದೆ ಬಂತು. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಸೈಕಲ್ ಎಂದೆ, ಬಂದ ಮೇಲೆ ಬೆಳೆ ಸಾಲ ಇದೆ ಎಂದೆ. ತೊಗರಿ ರೇಟು ಬಿದ್ದಿತ್ತು, ಸಾಲವೂ ನಿಜ. ಆದರೆ ಅವನಿಗೆ ಗೊತ್ತಾದದ್ದು ಕಾಯುವುದರಲ್ಲಿ ಅರ್ಥವಿಲ್ಲ ಎಂದಷ್ಟೇ. ಸಣ್ಣದೇ ಇರಲಿ, ಕೊಡಲು ಆಗುವಷ್ಟೇ ಹೇಳು, ಹೇಳಿದ್ದನ್ನು ಆ ದಿನವೇ ಕೊಡು.

ಈಗ ಕಾಕಾ. ನಿನಗೆ ಅವರು ಮಂಕಾದಂತೆ ಕಾಣುತ್ತಾರೆ, ನನಗೆ ಹಾಗೆ ಕಾಣುವುದಿಲ್ಲ. ವಯಸ್ಸಾದಂತೆ ಪರಿಚಯದವರ ಸಂಖ್ಯೆ ಇಳಿಯುತ್ತದೆ, ಆದರೆ ತೀರಾ ಹತ್ತಿರದವರು ಹೆಚ್ಚಾಗಿ ಹಾಗೇ ಉಳಿಯುತ್ತಾರೆ ಎಂದು ಲಾರಾ ಕಾರ್ಸ್ಟೆನ್ಸನ್ ಎಂಬ ಮನಶ್ಶಾಸ್ತ್ರಜ್ಞೆ ಹಲವು ವರ್ಷಗಳ ಕೆಲಸದಿಂದ ತೋರಿಸಿದ್ದಾರೆ. ಇರುವ ಹೊತ್ತು ಕಡಿಮೆ ಎಂದು ಅನ್ನಿಸಿದಾಗ ಮನುಷ್ಯ ತನ್ನವರನ್ನೇ ಆರಿಸಿಕೊಳ್ಳುತ್ತಾನೆ. ಇದು ಮುದುಕರಿಗೆ ಮಾತ್ರ ಅಲ್ಲ. 1997ರಲ್ಲಿ ಹಾಂಗ್‌ಕಾಂಗ್ ಚೀನಾದ ಕೈಗೆ ಹೋಗುವ ಮುಂಚೆ ಅಲ್ಲಿನ ಹುಡುಗರೂ ಹೊಸಬರಿಗಿಂತ ಹತ್ತಿರದವರ ಜೊತೆ ಇರುವುದನ್ನೇ ಬಯಸಿದರು. ಒಂದು ವರ್ಷ ಕಳೆದ ಮೇಲೆ ಮತ್ತೆ ಮೊದಲಿನಂತಾದರು. ಕಾಕಾ ಮದುವೆಗೆ ಬರುವುದಿಲ್ಲ, ಸರಿ. ಆದರೆ ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಭಜ್ಜಿ ರೊಟ್ಟಿ ತಿನ್ನುವಾಗ ಅವರ ಮುಖ ನೋಡಿದ್ದೀಯಾ? ಮೊಮ್ಮಗ ಬಂದರೂ ಖುಷಿಯಾಗದೆ, ಊಟ ನಿದ್ದೆ ಬಿಟ್ಟರೆ ಆಗ ಮಾತು ಬೇರೆ, ಕೂಡಲೇ ಡಾಕ್ಟರಿಗೆ ತೋರಿಸು. ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಮಗನ ಬಗ್ಗೆಯೂ ಅಲ್ಲೇ ಕೇಳಬಹುದು.

ನಾನು ಹಾಸ್ಟೆಲ್ ಬೇಡ ಎನ್ನುವುದು ಕಾಕಾ ಕಾರಣಕ್ಕೇ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಯವರು ನಲವತ್ತರ ವಯಸ್ಸಿನ ತನಕ ನೋಡಿದರು. ಬಡತನ, ಮನೆಯಲ್ಲಿ ಜಗಳ, ಕುಡಿತ ಎಲ್ಲ ಇದ್ದ ಮನೆಯ ಮಕ್ಕಳಲ್ಲೂ ಮೂರರಲ್ಲೊಂದು ಭಾಗ ಗಟ್ಟಿಯಾಗಿ ಬೆಳೆದರು. ಉಳಿದವರಲ್ಲಿ ಹರೆಯದಲ್ಲಿ ಕೆಟ್ಟ ಬಹುಪಾಲು ಮಂದಿ ನಡುವಯಸ್ಸಿಗೆ ಸುಧಾರಿಸಿದ್ದರು. ಗಟ್ಟಿಯಾದ ಮಕ್ಕಳ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಕೈಬಿಡದ ಒಬ್ಬ ಹಿರಿಯ ಜೀವ. ಅಜ್ಜಿ, ಅಜ್ಜ, ಒಬ್ಬ ಮೇಷ್ಟ್ರು, ಯಾರೋ ಒಬ್ಬರು. ನಿನ್ನ ಮಗ ನಿನ್ನ ಹತ್ತಿರ ಬಾಯಿ ಬಿಡುವುದಿಲ್ಲ, ಆದರೆ ಮುತ್ಯಾ, ಅಂದರೆ ಕಾಕಾ ಹತ್ತಿರ ಮಾತಾಡುತ್ತಾನೆ ಎಂದು ವೈನಿಯೇ ಹೇಳಿದರು. ಆ ಒಂದು ಎಳೆಯನ್ನೂ ಕಡಿದು ಮಂಗಳೂರಿಗೆ ಕಳಿಸುತ್ತೀಯಾ?

ನಿನ್ನ ಬಗ್ಗೆ ಒಂದೇ ಮಾತು. ಇನ್ನು ನಾನು ಬದಲಾಗುವ ವಯಸ್ಸಲ್ಲ ಎಂದೆಯಲ್ಲ, 18ರಿಂದ 68ರ ವಯಸ್ಸಿನ 19,000ಕ್ಕೂ ಹೆಚ್ಚು ಮಂದಿಯನ್ನು ಕೇಳಿ 2013ರಲ್ಲಿ ಒಂದು ಸಂಶೋಧನೆ ಬಂತು. ಕಳೆದ ಹತ್ತು ವರ್ಷದಲ್ಲಿ ಬಹಳ ಬದಲಾದೆ, ಮುಂದಿನ ಹತ್ತು ವರ್ಷದಲ್ಲಿ ಅಷ್ಟಾಗಿ ಬದಲಾಗುವುದಿಲ್ಲ ಎಂದು ಎಲ್ಲ ವಯಸ್ಸಿನವರೂ ಹೇಳಿದ್ದರು. ನಿನಗೀಗ ನಲವತ್ತೈದು. ಮೂವತ್ತೈದರಲ್ಲಿ ಮಗನ ಮೇಲೆ ಕೈ ಎತ್ತುತ್ತಿದ್ದವನು, ಈಗ ಎತ್ತುವುದಿಲ್ಲ. ಅದು ಸಣ್ಣ ಬದಲಾವಣೆಯಲ್ಲ.

ಹಾಸ್ಟೆಲ್ ಫೀ ಇನ್ನೂ ಕಟ್ಟಿಲ್ಲ ತಾನೇ? ಕಟ್ಟಬೇಡ. ಈ ಭಾನುವಾರ ಮಗನನ್ನು ಕರೆದುಕೊಂಡು ಹಳ್ಳಿಗೆ ಬಾ, ನಾನೂ ಕಲಬುರಗಿಯಿಂದ ಬೆಳಗಿನ ಬಸ್ಸಿಗೇ ಹೊರಡುತ್ತೇನೆ. ಕಾಕಾಗೆ ಈಗಲೇ ಫೋನ್ ಮಾಡಿ ಹೇಳಿಬಿಡು.

ನಿನ್ನ ದೋಸ್ತ