ಆಕ್ಷೇಪಣೆಯೇ ಬಂದಿಲ್ಲವೆಂದು ಬರೆದು ಕೊಟ್ಟ ಕಲ್ಯಾಣ ಮಂಟಪದ ಪರವಾನಗಿ: ಹಳೇ ಸಂತೆ ಬೀದಿ ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು, ಸರ್ವ ಸದಸ್ಯರು ಹಾಗೂ ಮುಖ್ಯಾಧಿಕಾರಿಗಳು,
ಪುರಸಭಾ ಕಾರ್ಯಾಲಯ.

ಇವರಿಂದ,
ಹಳೇ ಸಂತೆ ಬೀದಿ, ಗಾಣಿಗರ ಬೀದಿ ಹಾಗೂ ನೀರಿನ ಟ್ಯಾಂಕ್ ಹಿಂಭಾಗದ ನಿವಾಸಿಗಳು.

ವಿಷಯ: ನಮ್ಮ ಬೀದಿಯ ಕಲ್ಯಾಣ ಮಂಟಪದ ಉದ್ದಿಮೆ ಪರವಾನಗಿಯನ್ನು ನವೀಕರಿಸಬಾರದೆಂದು ಕೋರುವ ಬಗ್ಗೆ ಹಾಗೂ ನಮ್ಮ ಆಕ್ಷೇಪಣೆಯನ್ನು ಸಭೆಯ ಮುಂದೆ ಮಂಡಿಸದಿದ್ದುದರ ಬಗ್ಗೆ ವಿಚಾರಣೆ ನಡೆಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ಇದು ಇದೇ ಮಂಟಪದ ಬಗ್ಗೆ ನಾವು ಸಲ್ಲಿಸುತ್ತಿರುವ ಐದನೆಯ ಪತ್ರ. ಹಿಂದಿನ ನಾಲ್ಕಕ್ಕೂ ತಮ್ಮ ಟಪಾಲು ವಿಭಾಗದ ಮೊಹರು ಬಿದ್ದ ಸ್ವೀಕೃತಿ ನಮ್ಮಲ್ಲಿದೆ. ಒಂದಕ್ಕೂ ಹಿಂಬರಹ, ಅಂದರೆ ಲಿಖಿತ ಉತ್ತರ, ಬಂದಿಲ್ಲ. ಮಂಟಪ ಎಲ್ಲಿದೆ, ಅದರ ಮುಂದಿನ ರಸ್ತೆ ಎಷ್ಟು ಕಿರಿದು, ಚರಂಡಿ ಯಾವ ಕಡೆಗೆ ಹರಿಯುತ್ತದೆ ಎಂಬುದು ತಮಗೆ ತಿಳಿಯದ ಸಂಗತಿಯಲ್ಲ. ಸದಸ್ಯರಲ್ಲಿ ಹಲವರು ಅಲ್ಲಿಯ ಮದುವೆಗಳಿಗೆ ಬಂದು ಅಕ್ಷತೆ ಹಾಕಿ ಊಟ ಮಾಡಿಕೊಂಡು ಹೋಗಿದ್ದಾರೆ. ಆದ್ದರಿಂದ ಸ್ಥಳದ ವಿವರಣೆಗೆ ಹೋಗದೆ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಮಂಟಪಕ್ಕೆ ಪರವಾನಗಿ ನೀಡಿದ ಸಾಮಾನ್ಯ ಸಭೆಯ ನಡಾವಳಿಯ ದೃಢೀಕೃತ ಪ್ರತಿ ನಮ್ಮ ಕೈ ಸೇರಿದೆ. ಆ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಇರಲೇ ಇಲ್ಲ. ಬೀದಿ ದೀಪದ ಟೆಂಡರು, ಕೊಳವೆಬಾವಿಯ ಮೋಟಾರು ದುರಸ್ತಿ, ಮಳಿಗೆಗಳ ಹರಾಜು ಮೊದಲಾದವೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ ಬರುವ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರಬಹುದಾದ ಇತರೆ ವಿಷಯಗಳು’ ಎಂಬ ಶೀರ್ಷಿಕೆಯ ಕೆಳಗೆ ಇದನ್ನು ತೆಗೆದುಕೊಳ್ಳಲಾಗಿದೆ. ಅಲ್ಲಿರುವುದು ಎರಡೇ ವಾಕ್ಯ. ‘ಸದರಿ ಅರ್ಜಿಯ ಬಗ್ಗೆ ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆಗಳು ಬಂದಿರುವುದಿಲ್ಲ. ಸಭೆಯು ಸರ್ವಾನುಮತದಿಂದ ಅನುಮೋದಿಸಿತು.’ ಈ ಸಭೆಗೆ ಹತ್ತೊಂಬತ್ತು ದಿನ ಮೊದಲು ನಲವತ್ತೊಂದು ಮನೆಯವರು ಸಹಿ ಹಾಕಿದ ಆಕ್ಷೇಪಣೆಯನ್ನು ನಾವು ಖುದ್ದಾಗಿ ತಂದು ಕೊಟ್ಟಿದ್ದೆವು. ಅದನ್ನು ತಮ್ಮದೇ ಸಿಬ್ಬಂದಿ ಪಡೆದು, ಕ್ರಮ ಸಂಖ್ಯೆ ಬರೆದು, ಮೊಹರು ಹಾಕಿ ನಮಗೆ ಪ್ರತಿ ಕೊಟ್ಟಿದ್ದಾರೆ. ಬಂದ ಆಕ್ಷೇಪಣೆಯನ್ನು ಚರ್ಚಿಸಿ ತಳ್ಳಿಹಾಕಿದ್ದರೆ ನಾವು ಮೇಲ್ಮನವಿಗೆ ಹೋಗುತ್ತಿದ್ದೆವು, ಇಲ್ಲವೇ ಸುಮ್ಮನಾಗುತ್ತಿದ್ದೆವು. ಬಂದೇ ಇಲ್ಲವೆಂದು ಸರ್ಕಾರಿ ದಾಖಲೆಯಲ್ಲಿ ಬರೆದಿರುವುದು ಸುಳ್ಳು. ಇದಕ್ಕೆ ಬೇರೆ ಮೃದುವಾದ ಪದ ನಮಗೆ ಹೊಳೆಯುತ್ತಿಲ್ಲ, ಕ್ಷಮಿಸಬೇಕು.

ಈ ಕಟ್ಟಡದ ಕಥೆ ಪಾಯದಿಂದಲೇ ಶುರುವಾಗಿದೆ. ವಾಸದ ಮನೆಗೆಂದು ಕಟ್ಟಡ ಪರವಾನಗಿ ಪಡೆದ ನಿವೇಶನದಲ್ಲಿ ಮನೆಗೆ ಬೇಡದಷ್ಟು ದಪ್ಪದ ಕಂಬಗಳು ಎದ್ದಾಗಲೇ ನಾವು ಮೊದಲ ಪತ್ರ ಕೊಟ್ಟೆವು. ಅಂದು ಕಚೇರಿಯಲ್ಲಿ ನಮಗೆ ಸಿಕ್ಕ ಉತ್ತರ, ‘ಕಟ್ಟಡ ಮುಗಿಯಲಿ, ಆಮೇಲೆ ನೋಡೋಣ’ ಎಂಬುದು. ಮುಗಿದ ಮೇಲೆ ಎರಡನೆಯ ಪತ್ರ ಕೊಟ್ಟಾಗ, ‘ಕಟ್ಟಡ ಮುಗಿದು ಹೋಗಿದೆ, ಈಗೇನು ಮಾಡಲಾಗುತ್ತದೆ’ ಎಂದರು. ಈ ಎರಡು ಉತ್ತರಗಳ ನಡುವೆ ಒಂದು ದಿನವಾದರೂ ಸ್ಥಳ ತನಿಖೆಗೆ ಯಾರೂ ಬರಲಿಲ್ಲ. ಮೂರನೆಯದು ಮೇಲೆ ಹೇಳಿದ ಆಕ್ಷೇಪಣೆ. ನಾಲ್ಕನೆಯದನ್ನು ಪರವಾನಗಿ ಕೊಟ್ಟ ನಂತರ, ಮೊದಲ ಮದುವೆಯ ಮರುದಿನವೇ ಕೊಟ್ಟೆವು. ಅಷ್ಟರಲ್ಲಿ ಮುಖ್ಯಾಧಿಕಾರಿಗಳು ಬದಲಾಗಿದ್ದರು. ಹೊಸಬರು, ತಾವು ಈಗಷ್ಟೇ ಚಾರ್ಜ್ ತೆಗೆದುಕೊಂಡಿರುವುದಾಗಿಯೂ ಕಡತ ತರಿಸಿ ನೋಡುವುದಾಗಿಯೂ ಹೇಳಿದರು. ಕಡತ ಬರುವ ಮೊದಲೇ ಅವರಿಗೂ ವರ್ಗವಾಯಿತು. ಮುಂದೆ ಕೆಲವು ತಿಂಗಳು ಪ್ರಭಾರದಲ್ಲಿದ್ದವರು ವಾರಕ್ಕೆರಡು ದಿನ ಮಾತ್ರ ಬರುತ್ತಿದ್ದರು. ಆ ಎರಡು ದಿನ ಯಾವುವೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಪುರಸಭೆಯ ದೂರುಗಳಿಗೆಂದು ಇರುವ ‘ಜನಹಿತ’ ಆ್ಯಪ್‌ನಲ್ಲಿ ದೂರು ಹಾಕಿ ಎಂದು ಆರೋಗ್ಯ ನಿರೀಕ್ಷಕರು ಸಲಹೆ ಕೊಟ್ಟರು. ಮಂಟಪದ ಎಂಜಲಿನಿಂದ ಚರಂಡಿ ಕಟ್ಟಿಕೊಂಡಿರುವ ಫೋಟೋ ಸಮೇತ ಹಾಕಿದೆವು. ನಾಲ್ಕನೆಯ ದಿನ ‘ಪರಿಹರಿಸಲಾಗಿದೆ’ ಎಂದು ಬಂತು. ಜೊತೆಗೊಂದು ಸ್ವಚ್ಛವಾದ ಚರಂಡಿಯ ಚಿತ್ರವೂ ಇತ್ತು. ಆ ಚಿತ್ರದಲ್ಲಿ ಕಾಣುವ ಹಸಿರು ಗೇಟು ನಮ್ಮ ಬೀದಿಯ ಯಾವ ಮನೆಗೂ ಇಲ್ಲ. ಜಿಲ್ಲಾಧಿಕಾರಿಗಳ ಜನಸಂಪರ್ಕ ಸಭೆ ನಮ್ಮ ತಾಲ್ಲೂಕಿನಲ್ಲಿ ನಡೆದಾಗ ಸರದಿಯಲ್ಲಿ ಮೂರು ಗಂಟೆ ನಿಂತು ಮನವಿ ಕೊಟ್ಟೆವು. ಅದರ ಮೇಲೆ ‘ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳುವುದು’ ಎಂಬ ಷರಾ ಬಿದ್ದು, ಅದು ಎಲ್ಲಿಂದ ನಾವು ಸೋತು ಹೋಗಿದ್ದೆವೋ ಅದೇ ಮೇಜಿಗೆ ವಾಪಸು ಬಂತು.

ನಡಾವಳಿಯ ಪ್ರತಿ ಪಡೆದದ್ದೂ ಸುಲಭವಾಗಿಯೇನಲ್ಲ. ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕಾರ 30 ದಿನದೊಳಗೆ ಕೊಡಬೇಕಾದ ಮಾಹಿತಿಗೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದೆವು. ಅವಧಿ ಮುಗಿದರೂ ಉತ್ತರವಿಲ್ಲ. ಪ್ರಥಮ ಮೇಲ್ಮನವಿ ಸಲ್ಲಿಸಿದ ಮೇಲೆ, ಪುಟಕ್ಕೆ 2 ರೂಪಾಯಿಯಂತೆ ಕಟ್ಟಿಸಿಕೊಂಡು ಪ್ರತಿ ಕೊಟ್ಟರು. ಊರಿನ ಸಭೆಯಲ್ಲಿ ಊರಿನ ಬಗ್ಗೆ ಏನು ತೀರ್ಮಾನವಾಯಿತು ಎಂದು ತಿಳಿಯಲು ಊರಿನವರು ಮೇಲ್ಮನವಿಗೆ ಹೋಗಬೇಕೇ? ಕೇಳುವವರೆಗೂ ಕಾಯದೆ ಇಂಥ ಮಾಹಿತಿಯನ್ನು ತಾನಾಗಿಯೇ ಪ್ರಕಟಿಸಬೇಕೆಂದು ಅದೇ ಅಧಿನಿಯಮದ 4ನೇ ಪ್ರಕರಣ ಹೇಳುತ್ತದೆ. ತಮ್ಮ ಕಚೇರಿಯ ಸೂಚನಾ ಫಲಕದ ಮೇಲೆ ಇಂದಿಗೂ ಇರುವುದು ಹೋದ ವರ್ಷದ ನೀರಿನ ಕಂದಾಯದ ನೋಟಿಸು.

ಪರವಾನಗಿ ಬೇಡುವವರಿಗೆ, ಗಡುವಿನೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯ ಆಸರೆ ಇದೆ. 2011ರ ಆ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಒಳ್ಳೆಯದೇ, ಯಾವ ವ್ಯಾಪಾರಿಯೂ ಕಚೇರಿಗೆ ಅಲೆಯಬಾರದು. ಆದರೆ ಆ ಪರವಾನಗಿಯಿಂದ ನಿದ್ದೆ ಕೆಡುವವರ ಮಾತಿಗೆ ಯಾವ ಗಡುವೂ ಇಲ್ಲ, ಯಾವ ಬೆಲೆಯೂ ಇಲ್ಲ ಎಂಬಂತೆ ತಮ್ಮ ಕಚೇರಿ ನಡೆದುಕೊಂಡಿದೆ.

ಮದುವೆಗಳು ನಡೆಯಬಾರದೆಂದು ನಾವು ಹೇಳುತ್ತಿಲ್ಲ. ನಮ್ಮ ಮನೆಗಳಲ್ಲೂ ಹೆಣ್ಣುಮಕ್ಕಳಿದ್ದಾರೆ, ಮಂಟಪ ಹುಡುಕುವ ಕಷ್ಟ ನಮಗೂ ಗೊತ್ತು. ಆದರೆ 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿವೆ. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ ಇದೆಯೆಂದು ಮಂಟಪದವರು ವಾದಿಸುತ್ತಾರೆ. ಸಭಾಂಗಣವೇನೋ ಮುಚ್ಚಿದ್ದೇ ಇರಬಹುದು. ಡಿಜೆ ಗಾಡಿ ನಿಲ್ಲುವುದು ಬೀದಿಯಲ್ಲಿ, ಊಟದ ಮನೆಗೆ ಇರುವುದು ತಗಡಿನ ಮಾಡು ಮಾತ್ರ, ಮೂರು ಕಡೆ ಗೋಡೆಯೇ ಇಲ್ಲ. ಪೊಲೀಸರಿಗೆ ಫೋನು ಮಾಡಿದರೆ ಪರವಾನಗಿ ಕೊಟ್ಟವರು ಪುರಸಭೆಯವರು, ಅಲ್ಲಿ ಕೇಳಿ ಎನ್ನುತ್ತಾರೆ. ಪುರಸಭೆಯಲ್ಲಿ ಕೇಳಿದರೆ ಶಬ್ದ ಪೊಲೀಸರಿಗೆ ಸೇರಿದ್ದು ಎನ್ನುತ್ತೀರಿ. ಕಳೆದ ಮಾರ್ಚ್‌ನಲ್ಲಿ ನಮ್ಮ ಬೀದಿಯಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುತ್ತಿದ್ದ ಮೂವರು ಮಕ್ಕಳನ್ನು ಗಣಿತದ ಪರೀಕ್ಷೆಯ ಹಿಂದಿನ ರಾತ್ರಿ ನೆಂಟರ ಮನೆಗೆ ಕಳುಹಿಸಿ ಓದಿಸಬೇಕಾಯಿತು.

ಇನ್ನು ಎಂಜಲಿನ ವಿಷಯ. ಈ ಪತ್ರವನ್ನು ಬರೆಯುತ್ತಿರುವ ನಾನು ನಿವೃತ್ತ ಶಿಕ್ಷಕಿ. ನನ್ನ ಮನೆ ಇರುವುದು ಮಂಟಪದ ಹಿಂದಿನ ಮೋರಿಯ ಎದುರಿಗೆ. ಕಳೆದ ಕಾರ್ತಿಕದ ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಬಂದಾಗ ಮೋರಿಯ ಬಾಯಿಗೆ ಅನ್ನ, ಸಾರು, ಹಪ್ಪಳದ ಚೂರು, ನೀರಿನ ಲೋಟಗಳು ಎಲ್ಲವೂ ಒಟ್ಟಾಗಿ ಮೆತ್ತಿಕೊಂಡು, ಊಟದ ಟೇಬಲ್ಲಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಅದರ ಮೇಲೆ ಸುರುಳಿ ಸುತ್ತಿಕೊಂಡಿತ್ತು. ನೀರು ರಸ್ತೆಗೆ ಹರಿದಿತ್ತು. ಒಬ್ಬ ಪೌರಕಾರ್ಮಿಕ ಹೆಣ್ಣುಮಗಳು ಕೈಗವಸಿಲ್ಲದೆ, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಮೊಳಕೈವರೆಗೂ ಕೈ ಇಳಿಸಿ ಆ ಹಾಳೆಯನ್ನು ಎಳೆಯುತ್ತಿದ್ದಳು. ಎಳೆದು ಮುಗಿಸಿ, ‘ಟೀಚರಮ್ಮ, ಕೈ ತೊಳೆಯೋಕೆ ಒಂದು ಚೊಂಬು ನೀರು ಕೊಡ್ತೀರಾ’ ಎಂದು ಕೇಳಿದಳು. ಸೋಪು ಕೊಟ್ಟೆ. ಆಕೆ ಮೂರು ಸಲ ಕೈ ತೊಳೆದು ಮೂಸಿ ನೋಡಿಕೊಂಡಳು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಯಲ್ಲಿ ಇದೇ ಹೆಣ್ಣುಮಗಳಿಗೆ ಶಾಲು ಹೊದಿಸಿ ಹಾರ ಹಾಕಿದ್ದನ್ನು ನಾನು ನೋಡಿದ್ದೆ. ಶಾಲಿನ ಬದಲು ಒಂದು ಜೊತೆ ಕೈಗವಸು ಕೊಟ್ಟಿದ್ದರೆ ಸಾಕಿತ್ತು.

ಆ ಟೇಬಲ್ ಹಾಳೆಯನ್ನು, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ರಾಜ್ಯ ಸರ್ಕಾರ 2016ರಲ್ಲಿಯೇ ನಿಷೇಧಿಸಿದೆ. ಹಸಿ ಕಸ, ಒಣ ಕಸ ಬೇರ್ಪಡಿಸಿ ಕೊಡುವ ಹೊಣೆ ಕಸ ಮಾಡಿದವರದೇ ಎಂದು ಅದೇ ವರ್ಷದ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಸಂತೆಯಲ್ಲಿ ಸೊಪ್ಪು ಮಾರುವವಳ ಬುಟ್ಟಿಯಿಂದ ಕ್ಯಾರಿಬ್ಯಾಗ್ ಕಿತ್ತುಕೊಂಡು ಸ್ಥಳದಲ್ಲೇ ದಂಡ ಹಾಕುವ ತಮ್ಮ ಸಿಬ್ಬಂದಿ ಈ ಮಂಟಪಕ್ಕೆ ಒಂದು ನೋಟಿಸಾದರೂ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಅದರ ಪ್ರತಿ ದಯಪಾಲಿಸಬೇಕು.

ಸೊಪ್ಪಿನವಳ ಮಾತು ಬಂದದ್ದರಿಂದ ಇದನ್ನೂ ಹೇಳಲೇಬೇಕು. 2014ರ ಬೀದಿ ಬದಿ ವ್ಯಾಪಾರಿಗಳ ಅಧಿನಿಯಮದ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೂ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು. ಬಸ್ ನಿಲ್ದಾಣದ ಪಕ್ಕ ಟೀ ಗಾಡಿ ಇಟ್ಟುಕೊಂಡಿರುವ, ನಮ್ಮ ಬೀದಿಯಲ್ಲೇ ಬಾಡಿಗೆಗಿರುವ ವಿಧವೆಯೊಬ್ಬರು ಪ್ರಮಾಣಪತ್ರಕ್ಕಾಗಿ ಎರಡು ವರ್ಷದಿಂದ ಅಲೆಯುತ್ತಿದ್ದಾರೆ. ಅವರ ಗಾಡಿಯನ್ನು ಎರಡು ಸಲ ಟ್ರ್ಯಾಕ್ಟರಿಗೆ ಹೇರಿದ್ದೀರಿ. ಅವರ ಅರ್ಜಿಗೆ ಪ್ರತಿ ಸಲವೂ ಹೊಸದೊಂದು ದಾಖಲೆ ಬೇಕಾಗುತ್ತದೆ. ಮಂಟಪದ ಅರ್ಜಿಗೆ ಇದ್ದ ಆಕ್ಷೇಪಣೆಯೂ ಕಾಣಿಸುವುದಿಲ್ಲ.

ಪುರಸಭೆಗೆ ಆಗುತ್ತಿರುವ ನಷ್ಟವನ್ನೂ ಸದಸ್ಯರು ಗಮನಿಸಬೇಕು. ನಮ್ಮ ತಿಳಿವಳಿಕೆಯಂತೆ ಆ ಕಟ್ಟಡ ಆಸ್ತಿ ತೆರಿಗೆಯ ವಹಿಯಲ್ಲಿ ಈಗಲೂ ವಾಸದ ಕಟ್ಟಡವಾಗಿಯೇ ಇದೆ. ಇದು ತಪ್ಪಾಗಿದ್ದರೆ ವಹಿಯ ಪ್ರತಿ ತೋರಿಸಿ. ತಕ್ಷಣ ಈ ಮಾತನ್ನು ಹಿಂತೆಗೆದುಕೊಳ್ಳುತ್ತೇವೆ. ಸರಿಯಾಗಿದ್ದರೆ, ಒಂದು ಕಡೆ ವಾಣಿಜ್ಯ ಉದ್ದಿಮೆಗೆ ಪರವಾನಗಿ, ಇನ್ನೊಂದು ಕಡೆ ವಾಸದ ಮನೆಯ ತೆರಿಗೆ, ಎರಡೂ ಒಂದೇ ಕಚೇರಿಯ ಎರಡು ಮೇಜಿನ ಮೇಲೆ ಹೇಗೆ ಕೂತಿವೆ? ನಾವು ಏಪ್ರಿಲ್ ತಿಂಗಳಲ್ಲೇ, ಶೇ 5ರ ರಿಯಾಯಿತಿ ತಪ್ಪದಿರಲೆಂದು, ಸಾಲಿನಲ್ಲಿ ನಿಂತು ತೆರಿಗೆ ಕಟ್ಟುವವರು.

ಆ ತೆರಿಗೆಗೆ ಪ್ರತಿಯಾಗಿ ನಮ್ಮ ಬೀದಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ, ಅದೂ ನಡುರಾತ್ರಿ. ಟ್ಯಾಂಕ್ ಹಿಂಭಾಗದ ಮೂರು ಕಂಬಗಳ ದೀಪ ದಸರೆಯಿಂದ ಉರಿದಿಲ್ಲ. ಒಳಚರಂಡಿಗೆಂದು ಅಗೆದ ಗಾಣಿಗರ ಬೀದಿಗೆ ಎರಡು ಮಳೆಗಾಲ ಕಳೆದರೂ ಡಾಂಬರು ಬಿದ್ದಿಲ್ಲ. ಮಂಟಪದ ಮುಂದಿನ ತುಂಡಿಗೆ ಮಾತ್ರ ಒಂದೇ ವಾರದಲ್ಲಿ ಬಿತ್ತು. ಇ-ಖಾತಾಕ್ಕೆ ಅರ್ಜಿ ಹಾಕಿದ ಹನ್ನೆರಡು ಮನೆಯವರು ಸರ್ವರ್ ಇಲ್ಲ ಎಂಬ ಮಾತನ್ನು ಬಾಯಿಪಾಠ ಮಾಡಿದ್ದಾರೆ. ಇವೆಲ್ಲವನ್ನು ಬೇರೆಯಾಗಿ ಬರೆಯುತ್ತೇವೆ. ಇಲ್ಲಿ ಹೇಳಿದ್ದು, ಕೇಳಿದ್ದಕ್ಕೆ ಉತ್ತರಿಸದಿರುವುದು ಒಂದು ಕಡತದ ವಿಷಯವಲ್ಲವೆಂದು ತಮಗೂ ಗೊತ್ತಿರಲಿ ಎಂದು.

ಮಂಟಪದ ಪರವಾನಗಿಯ ಅವಧಿ ಬರುವ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸುವ ಮೊದಲು ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸ್ಪಷ್ಟವಾಗಿ ಸೇರಿಸಿ, ನಮ್ಮ ಐದೂ ಪತ್ರಗಳನ್ನು ಸಭೆಯಲ್ಲಿ ಓದಿಸಬೇಕು. ಪರಿಸರ ಅಭಿಯಂತರರು, ಆರೋಗ್ಯ ನಿರೀಕ್ಷಕರು ಹಾಗೂ ಕಂದಾಯ ಶಾಖೆಯವರು ಮದುವೆ ಇರುವ ದಿನವೇ ಜಂಟಿಯಾಗಿ ಸ್ಥಳ ತನಿಖೆ ನಡೆಸಿ, ನಮ್ಮ ಸಮ್ಮುಖದಲ್ಲಿ ಮಹಜರು ಬರೆಯಬೇಕು. ವಾಹನ ನಿಲುಗಡೆ, ಎಂಜಲು ವಿಲೇವಾರಿ ಮತ್ತು ಧ್ವನಿವರ್ಧಕಗಳಿಗೆ ತಕ್ಕ ವ್ಯವಸ್ಥೆ ಇಲ್ಲವೆಂದು ಕಂಡುಬಂದರೆ ಪರವಾನಗಿಯನ್ನು ನವೀಕರಿಸಕೂಡದು. ‘ಆಕ್ಷೇಪಣೆಗಳು ಬಂದಿರುವುದಿಲ್ಲ’ ಎಂಬ ವಾಕ್ಯವನ್ನು ಯಾರು ಬರೆದರು, ಯಾವ ಟಿಪ್ಪಣಿಯ ಆಧಾರದ ಮೇಲೆ ಬರೆದರು ಎಂಬುದನ್ನು ವಿಚಾರಿಸಿ, ಫಲಿತಾಂಶವನ್ನು ಲಿಖಿತವಾಗಿ ತಿಳಿಸಬೇಕು. ಸಭೆಯಲ್ಲಿ ಕೈಯೆತ್ತಿದ ಸದಸ್ಯರಿಗೆ ನಮ್ಮ ಪತ್ರ ಬಂದದ್ದೇ ಗೊತ್ತಿರಲಿಲ್ಲವಾದರೆ, ಅವರಿಗೂ ಅನ್ಯಾಯವಾಗಿದೆ. ಅವರೇ ಎದ್ದು ನಿಂತು ಈ ಪ್ರಶ್ನೆ ಕೇಳಬೇಕು.

1964ರ ಕರ್ನಾಟಕ ಪುರಸಭೆಗಳ ಅಧಿನಿಯಮ, ಪುರಸಭೆಯ ನಿರ್ಣಯವನ್ನು ತಡೆಹಿಡಿಯುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟಿದೆ. ಹದಿನೈದು ದಿನದೊಳಗೆ ಹಿಂಬರಹ ಬಾರದಿದ್ದರೆ ಆ ಪ್ರಾರ್ಥನೆಯೊಂದಿಗೆ ಅವರ ಮುಂದೆ ಹೋಗುತ್ತೇವೆ, ಈ ಬಾರಿ ಜನಸಂಪರ್ಕ ಸಭೆಯ ಸರದಿಯಲ್ಲಲ್ಲ, ವಕೀಲರೊಂದಿಗೆ.

ಹಿಂದಿನ ಪತ್ರಗಳ ಸ್ವೀಕೃತಿ, ನಡಾವಳಿಯ ಪ್ರತಿ ಹಾಗೂ ಫೋಟೋಗಳನ್ನು ಲಗತ್ತಿಸಿದೆ. ಈ ಪತ್ರದ ಪ್ರತಿ ಪುಟಕ್ಕೂ ಪುಟಸಂಖ್ಯೆ ಹಾಕಿದ್ದೇವೆ. ಪ್ರತಿ ಪುಟದ ಮೇಲೂ ಮೊಹರು ಹಾಕಿಸಿಕೊಳ್ಳದೆ ಟಪಾಲು ವಿಭಾಗದ ಮುಂದಿನಿಂದ ಕದಲುವುದಿಲ್ಲ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಹಳೇ ಸಂತೆ ಬೀದಿ, ಗಾಣಿಗರ ಬೀದಿ ಹಾಗೂ ನೀರಿನ ಟ್ಯಾಂಕ್ ಹಿಂಭಾಗದ ನಿವಾಸಿಗಳು
(ಸಹಿಗಳು ಪ್ರತ್ಯೇಕ ಹಾಳೆಯಲ್ಲಿ)

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳಿಗೆ, ಯೋಜನಾ ನಿರ್ದೇಶಕರು, ಜಿಲ್ಲಾ ನಗರಾಭಿವೃದ್ಧಿ ಕೋಶ, ಇವರಿಗೆ.