ಪೊರಕೆ ಹಾರದ ಹುಡುಗಿ

ಮಾನ್ಯ ಸಂಪಾದಕರೇ,

ಶುಕ್ರವಾರ ಬಿಡುಗಡೆಯಾದ ಸಿನಿಮಾಕ್ಕೆ ಭಾನುವಾರದೊಳಗೆ ಪತ್ರಿಕೆಯಲ್ಲಿ ವಿಮರ್ಶೆ ಬಂದಿರುತ್ತದೆ. ನಮ್ಮ ಮಕ್ಕಳು ರಜೆಯಿಡೀ ನೋಡುವ ಜಪಾನಿನ ಕಾರ್ಟೂನ್‌ಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇದ್ದರೂ ಮಕ್ಕಳ ಕಣ್ಣು ಹಾಳಾಗುತ್ತದೆ ಅನ್ನುವಷ್ಟೇ. ಅದಕ್ಕೇ ನಾನೇ ಬರೆಯಲು ಕೂತೆ. ನಾನೇನು ಬರೆಯುವವಳಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ. ಪ್ಯಾಂಟಿಗೆ ಬೆಲ್ಟ್ ಪಟ್ಟಿ ಕೂರಿಸುವುದು, ಲೂಪ್ ಹಾಕುವುದು ನನ್ನ ಕೆಲಸ. ಪೀಸಿನ ಲೆಕ್ಕದಲ್ಲಿ ದುಡ್ಡು.

ಮಗಳು ಎಂಟನೇ ಕ್ಲಾಸ್. ಬಳ್ಳಾರಿ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ ಹೊಸ್ತಿಲು ದಾಟುವಂತಿಲ್ಲ. ಫೋನನ್ನು ದಾರದ ಕೋನಿಗೆ ಒರಗಿಸಿ ಅವಳು 'ಲಿಟಲ್ ವಿಚ್ ಅಕಾಡೆಮಿಯಾ' ಅನ್ನುವ ಸರಣಿ ಹಚ್ಚಿದಳು. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಅವಳು ಓದಿ ಕನ್ನಡದಲ್ಲಿ ಹೇಳುವುದು, ನಾನು ಹೊಲಿಯುತ್ತಾ ಕೇಳುವುದು. ಮೊದಮೊದಲು ಬಾಬಿನ್ ದಾರ ಮುಗಿದಾಗ ಮಾತ್ರ ತಲೆ ಎತ್ತಿ ಚಿತ್ರ ನೋಡುತ್ತಿದ್ದೆ. ಆಮೇಲಾಮೇಲೆ ಬಾಬಿನ್ ಮುಗಿಯದಿದ್ದರೂ ತಲೆ ಏಳುತ್ತಿತ್ತು.

ಕತೆಯ ಹುಡುಗಿಯ ಹೆಸರು ಅಕ್ಕೊ. ಮೊದಲ ದಿನ ಫೋನಿನಲ್ಲಿ ಯಾರೋ ಅಕ್ಕನನ್ನು ಕೂಗುತ್ತಿದ್ದಾರೆ ಅಂದುಕೊಂಡೆ. ಅವಳ ಮನೆಯಲ್ಲಿ ಯಾರಿಗೂ ಮಂತ್ರ ಬರುವುದಿಲ್ಲ. ಚಿಕ್ಕವಳಿದ್ದಾಗ ಶಾರಿಯೊ ಎಂಬ ಮಾಟಗಾತಿಯ ಸ್ಟೇಜ್ ಷೋ ನೋಡಿ ಬಾಯಿ ಬಿಟ್ಟು ಕೂತವಳು. ತಾನೂ ಅವಳಂತಾಗಬೇಕು ಅಂತ ಲೂನಾ ನೋವಾ ಎಂಬ ಹಳೇ ಮಂತ್ರಶಾಲೆಗೆ ಸೇರುತ್ತಾಳೆ. ಅಲ್ಲಿ ದೊಡ್ಡ ಮನೆತನದ ಹುಡುಗಿಯರೇ ಜಾಸ್ತಿ. ಶಾರಿಯೊ ಹೆಸರೆತ್ತಿದರೆ ಅವರಿಗೆ ನಗು. ಮಂತ್ರವನ್ನು ತಮಾಷೆ ಮಾಡಿ ಮಾನ ಕಳೆದಳು ಅಂತ. ನಮ್ಮಲ್ಲಿ ಹೀಗೆ ಮೂಗು ಮುರಿಯುವವರು ಇಲ್ವಾ? ನಾನು ಸಣ್ಣವಳಿದ್ದಾಗ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ಆಟ ನೋಡಿದ್ದೆ. ಪರದೆಯ ಹಿಂದೆ ದೀಪ, ಮುಂದೆ ಬಣ್ಣದ ನೆರಳು. ಮನೆಗೆ ಬಂದು ರಟ್ಟು ಕತ್ತರಿಸಿ ಗೊಂಬೆ ಮಾಡಿದ್ದಕ್ಕೆ ಅಪ್ಪನ ಹತ್ತಿರ ಬೈಸಿಕೊಂಡಿದ್ದೆ. ಅಕ್ಕೊ ಏನು ಕಂಡು ಹುಚ್ಚಾದಳು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದನ್ನು ಮಾಡಿದ್ದು ಟ್ರಿಗರ್ ಎಂಬ ಸ್ಟುಡಿಯೊ, ನಿರ್ದೇಶಕ ಯೋ ಯೋಶಿನಾರಿ. ಶುರುವಾಗಿದ್ದು 2013ರಲ್ಲಿ, ಅರ್ಧ ಗಂಟೆಯೂ ಇಲ್ಲದ ಒಂದು ಚಿತ್ರದಿಂದ. ಹೊಸ ಚಿತ್ರಗಾರರಿಗೆ ಕೈ ಪಳಗಲಿ ಅಂತ ಜಪಾನ್ ಸರ್ಕಾರದ ನೆರವಿನಲ್ಲಿ ನಡೆದ ಯೋಜನೆಯಲ್ಲಿ ತಯಾರಾದದ್ದು. ಎರಡನೆಯ ಚಿತ್ರಕ್ಕೆ ಜಾತ್ರೆಗೆ ಪಟ್ಟಿ ಎತ್ತಿದ ಹಾಗೆ ಇಂಟರ್‌ನೆಟ್ಟಿನಲ್ಲಿ ಜನರ ಹತ್ತಿರವೇ ದುಡ್ಡು ಎತ್ತಿದರು. 1.5 ಲಕ್ಷ ಡಾಲರ್ ಕೇಳಿದರೆ 6 ಲಕ್ಷಕ್ಕೂ ಜಾಸ್ತಿ ಬಂತು. ಆ ಚಿತ್ರ 2015ರಲ್ಲಿ ಬಂತು. ನಾವು ನೋಡಿದ 25 ಕಂತಿನ ಟಿ.ವಿ. ಸರಣಿ 2017ರದ್ದು. ಕಲಿಯುವವರ ಕೈಯಿಂದ ಶುರುವಾದ ಕೆಲಸ ಅಂತ ಮಗಳು ಹೇಳಿದ ಮೇಲೆ ನನಗೆ ಇದರ ಮೇಲೆ ಪ್ರೀತಿ ಇನ್ನೂ ಹೆಚ್ಚಿತು.

ಇದರ ದೊಡ್ಡ ಗುಣ ಅಂದರೆ ಅಕ್ಕೊ ಬೀಳುವುದು. ಉಳಿದವರೆಲ್ಲ ಪೊರಕೆ ಹತ್ತಿ ಹಾರುತ್ತಾರೆ. ಇವಳು ಕುಣಿಯುತ್ತಾಳೆ, ಒದೆಯುತ್ತಾಳೆ, ಪೊರಕೆ ನೆಲ ಬಿಡುವುದಿಲ್ಲ. ಒಂದು ಕಂತಲ್ಲ, ಎರಡಲ್ಲ, ಇಡೀ ಸರಣಿ ಹೀಗೇ. ಮುಖ ರಬ್ಬರಿನ ಹಾಗೆ ಹಿಗ್ಗಿ ಕುಗ್ಗುತ್ತದೆ. ಮಾತು ತಿಳಿಯದ ನನಗೂ ನಗು ಬರುತ್ತಿತ್ತು.

ನಗುತ್ತಿದ್ದ ಹಾಗೇ ನನ್ನ ಹತ್ತೊಂಬತ್ತನೇ ವರ್ಷ ನೆನಪಾಯಿತು. ಸಿರುಗುಪ್ಪದ ಕಡೆಯಿಂದ ಮದುವೆಯಾಗಿ ಬಂದವಳು, ಕಾಲಿನ ಮಷಿನ್ ಬಿಟ್ಟರೆ ಬೇರೆ ಗೊತ್ತಿಲ್ಲ. ಕೆಲಸಕ್ಕೆ ಸೇರಿದ ಕಡೆ ಮೋಟಾರಿನ ಮಷಿನ್ ಮೇಲೆ ಕಾಲಿಟ್ಟರೆ ಸಾಕು, ಹೋರಿ ಹಗ್ಗ ಕಿತ್ತ ಹಾಗೆ ಬಟ್ಟೆ ಎಳೆದುಕೊಂಡು ಓಡುತ್ತಿತ್ತು. ಎರಡನೇ ವಾರ ಸೂಜಿ ಉಗುರಿನೊಳಗೆ ಹೋಯಿತು. ಮಾಸ್ಟರ್ ನೋಡಿ, "ಇದು ನಿನ್ನ ಕೈಲಾಗಲ್ಲಮ್ಮ, ದಾರ ಕತ್ತರಿಸು ಹೋಗು" ಅಂದರು. ಮೂರು ತಿಂಗಳು ಪ್ಯಾಂಟಿನ ದಾರ ಕತ್ತರಿಸಿದೆ. ಎಲ್ಲರೂ ಊಟಕ್ಕೆ ಎದ್ದಾಗ ಚಿಂದಿ ಬಟ್ಟೆ ಇಟ್ಟುಕೊಂಡು ಮಷಿನ್ ಮೇಲೆ ಕೂರುತ್ತಿದ್ದೆ. ಅಕ್ಕೊ ಕೂಡ ಹಾಗೇ, ಬಿಡುವು ಸಿಕ್ಕಾಗೆಲ್ಲ ಪೊರಕೆ ಹಿಡಿದು ನಿಲ್ಲುತ್ತಾಳೆ.

ಮೊದಲರ್ಧದ ಕಂತುಗಳು ಬಿಡಿ ಬಿಡಿ ಕತೆಗಳು. ನನಗೆ ಅವೇ ಹಿಡಿಸಿದವು. ಒಂದರಲ್ಲಿ ಶಾಲೆಯೇ ಬಿಳಿ ಡ್ರ್ಯಾಗನ್ ಒಂದಕ್ಕೆ ಸಾಲ ಕಟ್ಟಬೇಕು. ಆ ಡ್ರ್ಯಾಗನ್ ಗುಹೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಷೇರು ವ್ಯವಹಾರ ಮಾಡುತ್ತದೆ! ಕೊನೆಗೆ ಡಯಾನಾ ಎಂಬ ಜಾಣೆ ಹಳೇ ಸಾಲದ ಪತ್ರ ಓದಿ, ಇದರಲ್ಲಿ ಬಡ್ಡಿಯ ಮಾತೇ ಇಲ್ಲವಲ್ಲ ಅನ್ನುತ್ತಾಳೆ. ಸಂಘದ ಸಾಲಕ್ಕೆ ಓದದೇ ಸಹಿ ಹಾಕಿದ ನಮ್ಮ ಓಣಿಯ ಹೆಂಗಸರಿಗೆಲ್ಲ ಈ ಕತೆ ಹೇಳಿದ್ದೇನೆ. ಅಣಬೆ ಹುಚ್ಚಿನ ಗೆಳತಿ ಸೂಸಿಯ ಕನಸಿನೊಳಗೆ ಅಕ್ಕೊ ಇಳಿಯುವ ಕಂತು ಬೇರೆಯೇ ಲೆಕ್ಕ. ಅದನ್ನು ಮಗಳು ಮೂರು ಸಲ ನೋಡಿದಳು.

ಇನ್ನು ನನ್ನ ತಕರಾರು. ಮಂತ್ರಶಾಲೆಯಲ್ಲಿ ಅಡುಗೆ, ಕಸ, ಪಾತ್ರೆ ಎಲ್ಲ ಸಣ್ಣ ಸಣ್ಣ ಯಕ್ಷಿಣಿಗಳ ಕೆಲಸ. ಅವಕ್ಕೆ ಕೂಲಿ ಅಂದರೆ ಮಂತ್ರಶಕ್ತಿ. ಆ ಶಕ್ತಿಯೇ ಸಾಲುತ್ತಿಲ್ಲ ಅಂತ ಒಂದು ದಿನ ಅವು ಮುಷ್ಕರ ಹೂಡುತ್ತವೆ. ಅಕ್ಕೊ ಅವುಗಳ ಪರ ನಿಲ್ಲುತ್ತಾಳೆ. ನಾನು ಮಷಿನ್ ಆಫ್ ಮಾಡಿ ನೋಡಿದೆ. ಒಮ್ಮೆ ನಾವೂ ಪೀಸಿಗೆ ಒಂದು ರೂಪಾಯಿ ಜಾಸ್ತಿ ಕೇಳಿ ಎರಡು ದಿನ ಕೆಲಸ ಮುಟ್ಟದೆ ಕೂತಿದ್ದೆವು. ಸಿಕ್ಕಿದ್ದು ಐವತ್ತು ಪೈಸೆ. ಆದರೂ ಕೂತ ಆ ಎರಡು ದಿನ ಯಾರು ಯಾರ ಮನೆಯಿಂದ ರೊಟ್ಟಿ ತಂದರು ಅನ್ನುವುದೇ ಒಂದು ದೊಡ್ಡ ಕತೆ. ಇಲ್ಲಿ ಏನಾಯಿತು? ಕ್ರೊವಾ ಎಂಬ ಹೊಸ ಟೀಚರ್ ಬಂದು ಶಕ್ತಿ ಹಂಚುವ ಯಂತ್ರ ತೋರಿಸಿದಳು. ಆ ಕಂತಿಗೇ ಮುಷ್ಕರ ಮುಗಿಯಿತು. ಯಕ್ಷಿಣಿಗಳ ಮಾತನ್ನು ಕೂತು ಕೇಳಿದವರೇ ಕಡಿಮೆ. ಅಷ್ಟು ಒಳ್ಳೆಯ ಬಟ್ಟೆ ತಂದು ಕರವಸ್ತ್ರ ಹೊಲಿದ ಹಾಗಾಯಿತು.

ಅಲ್ಲಿಂದ ಮುಂದೆ ಕತೆಗೆ ಅವಸರ. ಕ್ರೊವಾಳ ಯಂತ್ರ ಜನರ ಸಿಟ್ಟು ಹೀರಿ ಬೆಳೆಯುತ್ತದೆ. ಫುಟ್‌ಬಾಲ್ ಪಂದ್ಯದ ಜಗಳ ಎರಡು ದೇಶದ ಜಗಳವಾಗಿ ಕೊನೆಗೆ ಕ್ಷಿಪಣಿಯನ್ನೇ ಬೆನ್ನಟ್ಟಬೇಕಾಗುತ್ತದೆ. ನೋಡಲು ಮಜವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅಮಾಂಡಾ, ಕಾನ್ಸ್ಟಾಂಜ್ ತರಹದ ಒಳ್ಳೊಳ್ಳೆ ಹುಡುಗಿಯರಿಗೆ ಸಿಕ್ಕಿದ್ದು ಒಂದೊಂದು ಕಂತು. ತಿಂಡಿ ಪೊಟ್ಟಣ ಬಿಡದ ಯಾಸ್ಮಿಂಕಾಗೆ ಅಷ್ಟೂ ಇಲ್ಲ.

ನನಗೆ ನಿಜಕ್ಕೂ ನೋವಾಗಿದ್ದು ಬೇರೆ ಕಡೆ. ಇನ್ನೂ ನೋಡದವರು ಈ ಭಾಗ ಬಿಟ್ಟು ಓದಿ. ಅಕ್ಕೊಗೆ ಹಾರಲು ಯಾಕೆ ಬರುವುದಿಲ್ಲ ಅಂದರೆ, ಆ ಸ್ಟೇಜ್ ಷೋನಲ್ಲಿ ಕೂತ ಮಕ್ಕಳ ಶಕ್ತಿಯನ್ನು ಶಾರಿಯೊಳ ಮಂತ್ರವೇ ಹೀರಿಬಿಟ್ಟಿತ್ತಂತೆ! ಇಪ್ಪತ್ತು ಕಂತು ಅವಳು ಬಿದ್ದಾಗಲೆಲ್ಲ ಇವಳು ನಮ್ಮವಳು ಅಂದುಕೊಂಡಿದ್ದೆ. ಈಗ ನೋಡಿದರೆ ಅವಳದ್ದು ಕಳವಾದ ಗಂಟು. ನನ್ನ ಕೈಯಿಂದ ಯಾರೂ ಏನೂ ಕದ್ದಿರಲಿಲ್ಲ. ಸುಮ್ನೆ ಬರುತ್ತಿರಲಿಲ್ಲ, ಅಷ್ಟೇ. ಬಾರದ್ದಕ್ಕೆ ಒಂದು ಕಾರಣ ಇರಲೇಬೇಕಾ?

ಮಗಳು ಒಪ್ಪಲಿಲ್ಲ. "ಅಮ್ಮಾ, ಶಾರಿಯೊಗೆ ಗೊತ್ತಿರಲಿಲ್ಲ. ಅದನ್ನು ತಿಳಿದ ಮೇಲೂ ಅಕ್ಕೊ ಅವಳನ್ನು ಕ್ಷಮಿಸಿದಳಲ್ಲ, ಕತೆ ಇರೋದೇ ಅಲ್ಲಿ" ಅಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ಷೋನಲ್ಲಿ ಡಯಾನಾಳೂ ಕೂತಿದ್ದಳು, ಅವಳ ಶಕ್ತಿಯೂ ಹೋಗಿತ್ತು. ಹಗಲೂ ರಾತ್ರಿ ಕೂತು ಕಲಿತು ವಾಪಸ್ ತಂದುಕೊಂಡಳು. ಸರಿ, ಹಾಗಿದ್ದರೆ ಅದನ್ನು ತೋರಿಸಬೇಕಿತ್ತಲ್ವಾ? ನಾಲ್ಕು ಮಾತಿನಲ್ಲಿ ಮುಗಿಸಿಬಿಟ್ಟರು. ಕ್ಷಿಪಣಿಗೆ ಕೊಟ್ಟ ಹೊತ್ತಿನಲ್ಲಿ ಅರ್ಧ ಆ ಪುಟ್ಟ ಡಯಾನಾಗೆ ಕೊಟ್ಟಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ.

ಕೊನೆಯ ಕಂತಿನ ಕೊನೆಯಲ್ಲಿ ಅಕ್ಕೊ ಮತ್ತೆ ಪೊರಕೆ ಹಿಡಿದು ನಿಲ್ಲುತ್ತಾಳೆ. ಗೆಳತಿಯರೆಲ್ಲ ಸುತ್ತ. ಪೊರಕೆ ನೆಲದಿಂದ ಒಂಚೂರೇ ಮೇಲೇಳುತ್ತದೆ. ಕ್ಷಿಪಣಿಗೆ ಕಣ್ಣು ಮಿಟುಕಿಸದ ನಾನು ಅದಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಆವತ್ತು ಹದಿನೆಂಟು ಪೀಸ್ ಕಡಿಮೆ ಬಿದ್ದವು.

ಭಾನುವಾರದ ಪುಟದಲ್ಲಿ ಇಂಥ ಸರಣಿಗಳಿಗೆ ಅಂಗೈಯಗಲ ಜಾಗ ಕೊಡಿ. ಯಾವ ವಯಸ್ಸಿನ ಮಕ್ಕಳಿಗೆ ಯಾವುದು ಆಗುತ್ತದೆ, ಯಾವುದು ಬೇಡ ಅಂತ ನೋಡಿದವರಿಂದಲೇ ಬರೆಸಿ. ಮಕ್ಕಳಿಂದಲೂ ಬರೆಸಿ. ನನ್ನ ಮಗಳ ಉತ್ತರ ಈಗಾಗಲೇ ಎರಡು ಪುಟವಾಗಿದೆ, ನನಗಿಂತ ಅಕ್ಷರವೂ ದುಂಡಗಿದೆ.

ಇಂತಿ,
ಜೀನ್ಸ್ ಹೊಲಿಯುವ ಒಬ್ಬ ಓದುಗಿ
ಕೌಲ್ ಬಜಾರ್, ಬಳ್ಳಾರಿ