ಬೆಟ್ಟದ ಲೆಕ್ಕ ಬರೆಯುವವರು ಯಾರು?

ಮಾನ್ಯ ಸಂಪಾದಕರೇ,

‘ಕಾಡು ತಾನಾಗಿ ಬೆಳೆಯುತ್ತದೆ, ಅದನ್ನು ನಾಲ್ಕು ವರ್ಷ ಕೂತು ಓದುವುದೇನಿದೆ?’ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಕೇಳಿದ್ದರು. ಅವರನ್ನು ಬೈಯುವ ಹಕ್ಕು ನನಗಿಲ್ಲ. ತಂಗಿಯ ಮಗಳು ಶಿರಸಿಯ ಅರಣ್ಯ ಕಾಲೇಜಿಗೆ ಸೇರಿದಾಗ ‘ಗಾರ್ಡ್ ಆಗೋಕೆ ಇಷ್ಟೆಲ್ಲ ಓದಬೇಕೇನೇ?’ ಎಂದು ನಕ್ಕವಳು ನಾನೇ.

ಹೋದ ವರ್ಷ ರಜೆಯಲ್ಲಿ ಅವಳು ಗೆಳತಿಯ ಜೊತೆ ಟೇಪು, ಹಗ್ಗ ಹಿಡಿದು ನಮ್ಮ ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ, ಬಂದಳು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ ಕಟ್ಟಿ, ಒಳಗಿದ್ದ ಮರಗಳನ್ನೆಲ್ಲ ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಸುತ್ತಳತೆ ತೆಗೆದರು. ಒಂದು ಚೌಕ ಕೆಳಗೆ, ಪ್ರತಿ ವರ್ಷ ನಾವು ದರಕು (ಉದುರಿದ ಒಣ ಎಲೆ) ಗುಡಿಸುವ ಕಡೆ. ಇನ್ನೊಂದು ಮೇಲೆ, ಬಂಡೆಯ ಹತ್ತಿರ. ಅಲ್ಲಿ ಇಳಿಜಾರು ಜಾಸ್ತಿ, ಹೊರೆ ಹೊತ್ತು ಇಳಿಯುವುದು ಕಷ್ಟ ಅಂತ ಯಾರೂ ಹೋಗುವುದಿಲ್ಲ. ಕೆಳಗೆ ಮತ್ತಿ, ಹೊನ್ನೆ ಮರಗಳು ದಪ್ಪಗೆ ಇದ್ದವು. ಆದರೆ ಸಸಿ ಎಣಿಸಲು ಒಂದು ಕೈಯ ಬೆರಳು ಸಾಕಾಯಿತು. ಮೇಲೆ ಕಾಲಿಡಲು ಜಾಗವಿಲ್ಲದಷ್ಟು ನೇರಲು, ದಾಲ್ಚಿನ್ನಿ, ಮತ್ತಿ ಸಸಿಗಳು.

‘ದೊಡ್ಡಮ್ಮ, ಇಲ್ಲಿ ಬರೀ ಅಜ್ಜಂದಿರು ಇದ್ದಾರೆ, ಮಕ್ಕಳೇ ಇಲ್ಲ’ ಎಂದಳು. ನನಗೆ ಸಿಟ್ಟು ಬಂತು. ಮೂರು ತಲೆಮಾರು ಕಾಪಾಡಿದ ಬೆಟ್ಟ ಅದು. ಅವಳು ವಾದ ಮಾಡಲಿಲ್ಲ. ಸುಮ್ನೆ ಎರಡು ಕಡೆಯ ಮಣ್ಣನ್ನೂ ನನ್ನ ಕೈಗೆ ಹಾಕಿದಳು. ಮೇಲಿನದು ಕಪ್ಪಗೆ, ಒದ್ದೆಯಾಗಿತ್ತು. ಕೆಳಗಿನದು ಒಣಗಿ ಗಟ್ಟಿಯಾಗಿತ್ತು.

ಘಟ್ಟದ ಮೇಲೆ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ನಮ್ಮದು. ತೋಟಕ್ಕೆ ಹಾಕುವ ಗೊಬ್ಬರವೆಲ್ಲ ಕೊನೆಗೆ ಅಲ್ಲಿನ ಎಲೆಯೇ. ನಮ್ಮ ಅತ್ತೆ ಆಳುಗಳಿಗೆ ‘ಮರದ ತಲೆ ಮುಟ್ಟಡ’ ಎಂದು ಕೂಗಿ ಹೇಳುತ್ತಿದ್ದರು. ಈ ವರ್ಷ ಸೊಪ್ಪು ಕಡಿದ ಮರಕ್ಕೆ ಮುಂದಿನ ವರ್ಷ ಕತ್ತಿ ಇಡುವ ಹಾಗಿರಲಿಲ್ಲ. ಈಗ ಸೊಪ್ಪು ಕಡಿಯಲು ಆಳು ಸಿಗುವುದೇ ಅಪರೂಪ. ಸಿಕ್ಕ ದಿನ ಎಷ್ಟು ಹೊರೆ ಅಂತ ಲೆಕ್ಕ, ಮರ ಬೋಳಾದರೂ ಯಾರೂ ಕೇಳುವುದಿಲ್ಲ. ಇದರಲ್ಲಿ ನಾನೂ ಸೇರಿದ್ದೇನೆ.

ಅವಳ ಓದಿನಲ್ಲಿ ನನಗೆ ಹಿಡಿಸಿದ್ದು ಒಂದು ಪ್ರಶ್ನೆ: ‘ಈ ಕಾಡು ಯಾತಕ್ಕೆ?’ ಮರಮುಟ್ಟಿಗೆ ಸಾಗವಾನಿ ಬೇಕಾದರೆ ಒತ್ತಾಗಿ ನೆಡಬೇಕು. ಬೆಳಕು ಹುಡುಕಿಕೊಂಡು ನೆಟ್ಟಗೆ ಏರುತ್ತವೆ. ಆಮೇಲೆ ಹಂತ ಹಂತವಾಗಿ ನಡುವಿನವನ್ನು ತೆಗೆಯಬೇಕು, ಇಲ್ಲದಿದ್ದರೆ ಎಲ್ಲವೂ ಕಡ್ಡಿಯಾಗಿಯೇ ಉಳಿಯುತ್ತವೆ. ಸೊಪ್ಪಿಗಾದರೆ ಮರ ನೆಟ್ಟಗೆ ಇರಬೇಕಿಲ್ಲ, ಕೊಂಬೆ ಹರಡಬೇಕು. ಹಳ್ಳದ ನೀರು ಉಳಿಯಬೇಕಿದ್ದರೆ ಬಿದ್ದ ಎಲೆ ಬಿದ್ದಲ್ಲೇ ಕೊಳೆಯಬೇಕು. ಹುಳಿ ಕಾಯಿ ಬಿಡುವ ಉಪ್ಪಾಗೆ ಮರದ ಕಥೆ ಇನ್ನೂ ಬೇರೆ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ನಮ್ಮ ಪಕ್ಕದವರು ‘ಕಾಯಿ ಬಿಡದ ದಂಡದ ಮರ’ ಎಂದು ಗಂಡು ಮರ ಕಡಿಸಿದ್ದರು!

ಹಾಗಂತ ಓದಿದವರು ಹೇಳಿದ್ದೆಲ್ಲ ಸರಿ ಅಂತಲ್ಲ. ನಮ್ಮ ಜಿಲ್ಲೆಯ ಬಿದಿರನ್ನೇ ನೋಡಿ. ಬಿದಿರು ಮೆಳೆಯ ಬುಡದ ಮುಳ್ಳು ಸವರಿದರೆ ಹೊಸ ಕಳಲೆಗೆ (ಎಳೆ ಮೊಳಕೆಗೆ) ಒಳ್ಳೆಯದು ಎಂದು ಅರಣ್ಯ ಇಲಾಖೆಯವರು ನಂಬಿದ್ದರು. ಊರಿನವರು ಬೇಡ ಎಂದಿದ್ದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬಂದು ಅಳೆದು ನೋಡಿದಾಗ ಊರಿನವರ ಮಾತೇ ನಿಜವಾಯಿತು. ಮುಳ್ಳು ಹೋದ ಮೇಲೆ ಎಳೆ ಕಳಲೆ ದನ, ಮಂಗಗಳ ಪಾಲಾಗುತ್ತಿತ್ತು. ಅಲ್ಲೂ ತೀರ್ಮಾನ ಮಾಡಿದ್ದು ಎಣಿಕೆಯೇ ಅಲ್ವಾ?

1983ರಲ್ಲಿ ‘ಅಪ್ಪಿಕೋ’ ಚಳವಳಿಯಲ್ಲಿ ನಮ್ಮ ತಾಲ್ಲೂಕಿನ ಸಾಲ್ಕಣಿಯವರು ಮರ ಕಡಿಯದಂತೆ ಅಪ್ಪಿ ನಿಂತಾಗ ನಾನು ಹೊಸದಾಗಿ ಮದುವೆಯಾಗಿ ಬಂದವಳು. ಇಲಾಖೆ ಮರ ಕಡಿಸಿದಾಗ ಕೇಳುವ ಧೈರ್ಯ ನಮ್ಮ ಕಡೆಯವರಿಗೆ ಇತ್ತು. ನಮ್ಮದೇ ಬೆಟ್ಟದ ಬಗ್ಗೆ ನಮ್ಮನ್ನು ಕೇಳುವವರು ಮಾತ್ರ ಯಾರೂ ಇಲ್ಲ. ಇಲಾಖೆ ತನ್ನ ಕಾಡಿಗೆ ಹತ್ತು ವರ್ಷದ ಕಾರ್ಯಯೋಜನೆ ಬರೆಯುತ್ತದೆ: ಎಲ್ಲಿ ಏನಿದೆ, ಎಷ್ಟು ತೆಗೆಯಬಹುದು, ಎಲ್ಲಿ ಮುಟ್ಟಬಾರದು ಅಂತ. ನಮ್ಮ ಮನೆಯಲ್ಲಿ ತೋಟದ ಲೆಕ್ಕದ ಪುಸ್ತಕ ಮೂವತ್ತು ವರ್ಷದ್ದಿದೆ. ಬೆಟ್ಟದ್ದು ಒಂದು ಹಾಳೆಯೂ ಇಲ್ಲ.

ಹಾಗಾಗಿ ಒಂದು ಬೇಡಿಕೆ. ಕಾಲೇಜಿನವರು, ಗ್ರಾಮ ಪಂಚಾಯ್ತಿಯವರು ಮಾತಾಡಿಕೊಂಡು ಊರಿಗೊಂದು ಬೆಟ್ಟವನ್ನಾದರೂ ಅಳೆಯಲಿ. ಅಳೆದದ್ದನ್ನು ವರದಿ ಮಾಡಿ ಕಪಾಟಿನಲ್ಲಿ ಇಡುವುದು ಬೇಡ, ಬೆಟ್ಟದವರ ಕೈಗೆ ಕನ್ನಡದಲ್ಲಿ ಕೊಡಲಿ. ಐದು ವರ್ಷ ಬಿಟ್ಟು ಅದೇ ಚೌಕಕ್ಕೆ ಮತ್ತೆ ಬರಲಿ. ನಾನು ಈ ಸಲ ಕೆಳಗಿನ ಅರ್ಧ ಎಕರೆಯಲ್ಲಿ ದರಕು ಗುಡಿಸಿಲ್ಲ. ಯಜಮಾನರಿಗೆ ಇದು ಅಷ್ಟೇನೂ ಇಷ್ಟವಿಲ್ಲ, ಕೊಟ್ಟಿಗೆಗೆ ಎರಡು ಲೋಡು ದರಕು ಹೊರಗಿನಿಂದ ತರಿಸಬೇಕಾಯಿತು. ಸಸಿ ಎದ್ದಿವೆಯೋ ಇಲ್ಲವೋ ನೋಡಲು ಯಾರಾದರೂ ಬರುವುದಾದರೆ ದೀಪಾವಳಿ ಕಳೆದ ಮೇಲೆ ಬನ್ನಿ. ಆಗ ಉಂಬಳ (ಜಿಗಣೆ) ಕಡಿಮೆ.

– ಅಡಿಕೆ ಬೆಳೆಗಾರ್ತಿ, ಶಿರಸಿ ತಾಲ್ಲೂಕು